ಟಾಲ್ಕಂ ಪೌಡರೂ ಸಂಡೂರಿನ ಕೆಂಧೂಳೂ

ಯಾವ ಫೋನು ಒಳ್ಳೆಯದು ಎಂದು ಯಾರಾದರೂ ಕೇಳಿದರೆ, ಯಾವ ಊರಲ್ಲಿ ಇಟ್ಟುಕೊಳ್ಳುತ್ತೀರಿ ಎಂದು ನಾನು ತಿರುಗಿ ಕೇಳುತ್ತೇನೆ. ಬಜೆಟ್ಟು, ಬ್ಯಾಟರಿ, ರ್‍ಯಾಮು ಎಂದು ಶುರು ಮಾಡಲು ಬಾಯಿ ತೆರೆದವರು ಹಾಗೇ ನಿಂತುಬಿಡುತ್ತಾರೆ. ಕುಚೋದ್ಯಕ್ಕೆ ಕೇಳುವುದಲ್ಲ. ಹೊಸಪೇಟೆಯಲ್ಲಿ ಭೇಷ್ ಅನ್ನಿಸಿಕೊಂಡ ಫೋನು ಸಂಡೂರಿನ ಗಂಡಿ ದಾಟಿದ ಮೇಲೆ ಮಂಕಾಗಿದ್ದನ್ನೂ, ಕಂಪ್ಲಿಯಲ್ಲಿ ಮೆರೆದದ್ದು ಹಂಪಿಯ ಕತ್ತಲೆ ಕೋಣೆಯಲ್ಲಿ ತಬ್ಬಿಬ್ಬಾಗಿದ್ದನ್ನೂ ಕಣ್ಣಾರೆ ಕಂಡಿದ್ದೇನೆ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು, ಹಂಪಿ ಅದರ ಜೊತೆ ಬಂತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಜಿಲ್ಲೆ ಒಡೆದರೂ ಫೋನು ಬೈಯುವುದರಲ್ಲಿ ನಾವಿನ್ನೂ ಒಂದೇ ಜಿಲ್ಲೆಯವರು.

ಯೂಟ್ಯೂಬಿನಲ್ಲಿ ಡಬ್ಬ ಬಿಚ್ಚುವ ಹುಡುಗರನ್ನು ನಾನು ತಪ್ಪದೆ ನೋಡುತ್ತೇನೆ. ಪಾಪ, ಬಹಳ ಶ್ರದ್ಧೆಯ ಮಕ್ಕಳು. ತಣ್ಣನೆಯ ಕೋಣೆ, ಬೆನ್ನ ಹಿಂದೆ ನೇರಳೆ ದೀಪ, ಮೇಜಿನ ಮೇಲೆ ಎರಡು ಫೋನು. ಆನ್‌ಟುಟು ಎಂಬ ಆ್ಯಪ್ ಓಡಿಸಿ ಇದಕ್ಕಿಷ್ಟು ಲಕ್ಷ ಅಂಕ, ಅದಕ್ಕಿಷ್ಟು ಲಕ್ಷ ಅಂಕ ಎಂದು ತೀರ್ಪು ಕೊಡುತ್ತಾರೆ. ನಮ್ಮ ಕಡೆಯವರಿಗೆ ಲಕ್ಷದ ಅಂಕ ಹೇಳಿದರೆ ಆಗುವುದಿಲ್ಲ, ವಸ್ತು ಕೈಗೆ ಬರಬೇಕು. ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ ಅಂಗಡಿಯಲ್ಲಿ ಫೋನನ್ನು ಒತ್ತುತ್ತಾರೆ, ತೂಗುತ್ತಾರೆ, ಕಿವಿಗಿಟ್ಟು ನೋಡುತ್ತಾರೆ, ಬಾಗಿಲ ಹೊರಗೆ ಬಿಸಿಲಿಗೆ ಹಿಡಿಯುತ್ತಾರೆ. ಅಂಗಡಿಯ ಹುಡುಗ ಬೆನ್ನಿಗೇ ಓಡಿ ಬರುತ್ತಾನೆ. “ತಗಳ್ರಿ ಸರ್, ಬಳ್ಳಾರಿತನ ಹೋಗಿ ಬಂದ್ರೂ ಇದಕ್ಕಿಂತ ಚಲೋದು ಸಿಗಂಗಿಲ್ಲ.” ಮರುದಿನ ಬೇರೆ ಗಿರಾಕಿಗೆ ಬೇರೆ ಫೋನಿನ ಬಗ್ಗೆಯೂ ಅದೇ ಮಾತು. ಅವನು ಸುಳ್ಳು ಹೇಳುತ್ತಾನೆಂದು ನನಗನ್ನಿಸುವುದಿಲ್ಲ. ಅವನ ಅಂಗಡಿಯ ಮಟ್ಟಿಗೆ ಎಲ್ಲ ಫೋನೂ ಚಲೋನೇ.

ಬಿಸಿಲಿಗೆ ಹಿಡಿಯುವುದು ಹಳ್ಳಿಯವರ ಅಭ್ಯಾಸ ಎಂದು ನಗಬೇಡಿ. ಹೊಸಪೇಟೆಯ ಮೊದಲ ಪರೀಕ್ಷೆಯೇ ಅದು. ಐಫೋನನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ನಡುವಿನ ಹವೆಯಲ್ಲಿ ಬಳಸಿ ಎಂದು ಆಪಲ್ ಕಂಪನಿಯೇ ಹೇಳುತ್ತದೆ. ಮೇ ತಿಂಗಳಲ್ಲಿ ನಮಗೆ 35 ಡಿಗ್ರಿ ಎಂದರೆ ಬೆಳಗಿನ ತಿಂಡಿಯ ಹೊತ್ತು. ಆಮೇಲೆ 40ರ ಮಾತು. ಲಿಥಿಯಂ ಬ್ಯಾಟರಿಗೆ ಸೆಕೆ ಆಗಿಬರುವುದಿಲ್ಲವಾದ್ದರಿಂದ ಕಾದ ಫೋನು ತನ್ನನ್ನು ತಾನು ಕಾಪಾಡಿಕೊಳ್ಳಲು ಪರದೆಯ ಬೆಳಕು ಇಳಿಸುತ್ತದೆ, ಪ್ರೊಸೆಸರ್ ನಿಧಾನ ಮಾಡುತ್ತದೆ, ಚಾರ್ಜು ಹತ್ತಿಸಿಕೊಳ್ಳಲು ಒಲ್ಲೆ ಎನ್ನುತ್ತದೆ. ಲಕ್ಷ ಅಂಕದ ಫೋನು ಬೈಕಿನ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು ತುಂಗಭದ್ರಾ ಡ್ಯಾಮಿನ ರಸ್ತೆಯಲ್ಲಿ ಎರಡು ಸುತ್ತು ಬಂದರೆ ಸಾವಿರದ ಅಂಕಕ್ಕೆ ಇಳಿದಿರುತ್ತದೆ.

ಎರಡನೆಯ ಪರೀಕ್ಷೆ ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿಯದು. ಪರದೆಯೊಳಗಿನ ಬೆರಳಚ್ಚು ಸೆನ್ಸರು ಎಷ್ಟು ಮಿಲಿಸೆಕೆಂಡಿನಲ್ಲಿ ಬಾಗಿಲು ತೆಗೆಯುತ್ತದೆ ಎಂದು ಆ ಹುಡುಗರು ಅಳೆಯುತ್ತಾರೆ, ಸರಿ. ಮಿರ್ಚಿಯ ಎಣ್ಣೆ, ಒಗ್ಗರಣೆಯ ಅರಿಸಿನ ಹತ್ತಿದ ಹೆಬ್ಬೆರಳಿಗೆ ತೆಗೆಯುತ್ತದೆಯೇ? ಇದನ್ನು ಯಾರೂ ಅಳೆದಿಲ್ಲ. ದುಡ್ಡು ಕೊಡುವ ಹೊತ್ತಿಗೆ ಬೆರಳು ಒರೆಸಿಕೊಂಡು, ಮತ್ತೆ ಒತ್ತಿ, ಕೊನೆಗೆ ಪಿನ್ ಕುಟ್ಟಿ ಸ್ಕ್ಯಾನ್ ಮಾಡುವಷ್ಟರಲ್ಲಿ ಹಿಂದಿನವನು “ಲಗೂನ ಅಣ್ಣ” ಎನ್ನುತ್ತಾನೆ. ಆಮೇಲೆ ಗಾಡಿಯ ಮೇಲಿನ ಪೆಟ್ಟಿಗೆ ಹಣ ಬಂತೆಂದು ಕೂಗಬೇಕು. ಫೋನ್‌ಪೇಯವರು ಆ ಪೆಟ್ಟಿಗೆಗೆ ಕಿಚ್ಚ ಸುದೀಪರ ದನಿಯನ್ನೂ ಕೊಟ್ಟಿದ್ದಾರೆ. ದುಡ್ಡು ಕೊಡುವ ಆ್ಯಪ್‌ಗಳಲ್ಲಿ ಯಾವುದು ಮೇಲು ಎಂಬ ಚರ್ಚೆ ಒಗ್ಗರಣೆ ಗಾಡಿಯ ಮುಂದೆ ಮುಗಿದುಹೋಗಿದೆ: ಯಾವುದರ ಪೆಟ್ಟಿಗೆ ಜೋರಾಗಿ ಕೂಗುತ್ತದೋ ಅದು ಮೇಲು.

ಸಂಡೂರಿಗೆ ಹೋಗೋಣ. ಗುಡ್ಡದ ಸಾಲು ಸೀಳಿದ ಗಂಡಿಗಳ ಮೂಲಕವೇ ಆ ಕಣಿವೆಯೊಳಗೆ ಹೋಗಬೇಕು, ಭೀಮಗಂಡಿ, ಓಬಳಗಂಡಿ ಎಂಬ ಹೆಸರುಗಳೇ ಇವೆ. ಎರಡು ಸಿಮ್ ಹಾಕಿಕೊಂಡು ಹೋದರೆ ಒಂದು ಗುಡ್ಡದ ಈಚೆ ಕೈಕೊಡುತ್ತದೆ, ಇನ್ನೊಂದು ಆಚೆ. ಎರಡೂ ಕೈಕೊಡುವ ತಿರುವಿನಲ್ಲಿ ಬಸ್ಸಿನೊಳಗಿನವರೆಲ್ಲ ತಲೆ ಎತ್ತಿ ಮಳೆಗಾಲದ ಹಸಿರು ಗುಡ್ಡ ನೋಡುತ್ತಾರೆ. ಅಷ್ಟರ ಮಟ್ಟಿಗೆ ಉಪಕಾರವೇ.

ಸಂಡೂರಿನ ನಿಜವಾದ ಪರೀಕ್ಷಕ ಧೂಳು. ಐಪಿ68 ಎಂಬ ಪದವಿ ಪಡೆದ ಫೋನುಗಳಿವೆಯಲ್ಲ, ಅದರಲ್ಲಿ 6 ಎಂಬುದು ಧೂಳಿಗೆ, 8 ಎಂಬುದು ನೀರಿಗೆ. ಧೂಳಿನ ಪರೀಕ್ಷೆ ಹೇಗೆ ಮಾಡುತ್ತಾರೆಂದು ಹುಡುಕಿ ಓದಿದೆ. ಒಂದು ಪೆಟ್ಟಿಗೆಯೊಳಗೆ ಫೋನಿಟ್ಟು ಗಂಟೆಗಟ್ಟಲೆ ಟಾಲ್ಕಂ ಪೌಡರ್ ಹಾರಿಸುತ್ತಾರಂತೆ! ಮದುಮಗಳಿಗೂ ಇಷ್ಟು ಉಪಚಾರವಿಲ್ಲ. ಕಬ್ಬಿಣದ ಅದಿರಿನ ಲಾರಿಗಳ ಸಾಲಿನ ಹಿಂದೆ ಗಣಿಯ ಊರು ದೋಣಿಮಲೈ ಕಡೆಗೆ ಒಂದು ಸಲ ಬೈಕಿನಲ್ಲಿ ಹೋಗಿ ಬಂದರೆ ತಿಳಿಯುತ್ತದೆ ಧೂಳು ಎಂದರೇನು ಎಂದು. ಸ್ಪೀಕರಿನ ಜಾಲರಿ ಕೆಂಪು, ಚಾರ್ಜರ್ ತೂತು ಕೆಂಪು, ಕವರು ಬಿಚ್ಚಿದರೆ ಫೋನಿನ ಬೆನ್ನಿಗೆ ಕುಂಕುಮ ಬಳಿದ ಚೌಕಟ್ಟು. ಪದವೀಧರ ಫೋನಿನ ಒಳಗೆ ಧೂಳು ಹೋಗುವುದಿಲ್ಲ, ಒಪ್ಪಿದೆ. ಆದರೆ ದನಿ ಹೊರಗೂ ಬರುವುದಿಲ್ಲ. ಜಾಲರಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿಯೇ ತಿಕ್ಕಬೇಕು.

ಇಲ್ಲಿ ಹಳಬರು ಈಗಲೂ ನೋಕಿಯಾ 1100ರ ಹೆಸರು ತೆಗೆದರೆ ಕೈ ಮುಗಿಯುವಷ್ಟು ಭಾವುಕರಾಗುತ್ತಾರೆ. 2003ರಲ್ಲಿ ಬಂದ ಫೋನು. ಒಂದೇ ರಬ್ಬರ್ ಹಾಳೆಯಂಥ ಕೀಪ್ಯಾಡು, ಗುಂಡಿಗಳ ನಡುವೆ ಧೂಳಿಗೆ ಸಂದಿಯಿಲ್ಲ. ತಲೆಯ ಮೇಲೊಂದು ಟಾರ್ಚು. ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ನಮ್ಮಂಥ ದೇಶಗಳ ಧೂಳು, ಕರೆಂಟು ಹೋಗುವ ರಾತ್ರಿ, ಬೆವರಿದ ಕೈ ಇವನ್ನೆಲ್ಲ ನೋಡಿಯೇ ಅದನ್ನು ಮಾಡಿದ್ದರು. ಅಂಥ ಫೋನು ಮತ್ತೆ ಯಾಕೆ ಬರಲಿಲ್ಲ ಎಂದು ಕೇಳಿದರೆ ಕಂಪನಿಗಳು ಕ್ಯಾಮೆರಾ ತೋರಿಸುತ್ತವೆ.

ಸಂಡೂರಿನಲ್ಲಿ ಪರದೆಗೂ ಒಂದು ಪರೀಕ್ಷೆಯುಂಟು. ಇಲ್ಲಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿತು. ಕಡುಗೆಂಪು, ನೀಲಿ, ಹಳದಿ ದಾರ, ನಡುನಡುವೆ ಕನ್ನಡಿಯ ಚೂರು. ಇದನ್ನು ಫೋನಿನಲ್ಲಿ ಹಿಡಿದು ವಾಟ್ಸಾಪಿನಲ್ಲಿ ಗಿರಾಕಿಗೆ ಕಳಿಸುವ ಹೆಣ್ಣುಮಕ್ಕಳ ಕಷ್ಟ ಕೇಳಿ. ಒಂದು ಫೋನಿನಲ್ಲಿ ಕೆಂಪು ರಕ್ತದಂತೆ ಉಕ್ಕುತ್ತದೆ, ಇನ್ನೊಂದರಲ್ಲಿ ತೊಳೆದು ಒಣಹಾಕಿದ ಹಾಗೆ. ಕನ್ನಡಿಯ ಚೂರಿಗೆ ಬಿಸಿಲು ತಾಗಿದರೆ ಕ್ಯಾಮೆರಾ ಬೆಚ್ಚಿ ಮಿಕ್ಕದ್ದನ್ನೆಲ್ಲ ಕಪ್ಪು ಮಾಡುತ್ತದೆ. ಅದಕ್ಕೇ ಒಬ್ಬಾಕೆ ಬಟ್ಟೆಯನ್ನು ಅಟ್ಟದ ನೆರಳಿನಲ್ಲಿ ಹಾಸಿ, ಪಕ್ಕದಲ್ಲಿ ಒಂದು ಹಣ್ಣು ಮೆಣಸಿನಕಾಯಿ ಇಟ್ಟು ಫೋಟೊ ತೆಗೆದಿದ್ದಳು. “ಅಣ್ಣ, ಮೆಣಸಿನಕಾಯಿ ಬಣ್ಣ ಎಲ್ಲಾರಿಗೂ ಗೊತ್ತೈತಲ್ಲ, ಅದನ್ನ ನೋಡಿ ಬಟ್ಟಿ ಬಣ್ಣ ತಿಳ್ಕಂತಾರ.” ಬಣ್ಣ ಅಳೆಯಲು ವೃತ್ತಿನಿರತ ಛಾಯಾಗ್ರಾಹಕರು ಬಣ್ಣದ ಚೌಕಗಳ ಪಟ್ಟಿ ಇಟ್ಟುಕೊಳ್ಳುತ್ತಾರೆ. ಈಕೆಯದು ಅದಕ್ಕಿಂತ ಅಗ್ಗ, ಸಂಜೆ ಪಲ್ಯಕ್ಕೂ ಆಗುತ್ತದೆ.

ಕ್ಯಾಮೆರಾ ಎಂದ ಮೇಲೆ ಹಂಪಿ ಬಿಟ್ಟು ಬೇರೆಲ್ಲಿಗೆ ಹೋಗಲಿ? ವಿಜಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥ 2017ರಲ್ಲಿ ಹೊಸ ಐವತ್ತರ ನೋಟಿನ ಬೆನ್ನೇರಿದ ಮೇಲೆ ಒಂದು ಆಟ ಶುರುವಾಗಿದೆ. ರಥದೆದುರು ನೋಟು ಎತ್ತಿ ಹಿಡಿದು, ನೋಟಿನ ರಥವೂ ಕಲ್ಲಿನ ರಥವೂ ಒಂದೇ ಚಿತ್ರದಲ್ಲಿ ಬರಬೇಕು. ಒಂದು ಮೊಳದ ದೂರದಲ್ಲಿ ನೋಟು, ಇಪ್ಪತ್ತು ಮಾರಿನಾಚೆ ರಥ. ನೋಟು ಸ್ಪಷ್ಟವಾದರೆ ರಥ ಮಸುಕು, ರಥ ಹಿಡಿದರೆ ನೋಟು ಮಸುಕು. ದೊಡ್ಡ ಸೆನ್ಸರಿನ ದುಬಾರಿ ಫೋನುಗಳಿಗೆ ಈ ಆಟ ಇನ್ನೂ ಕಷ್ಟ, ಯಾಕೆಂದರೆ ಸೆನ್ಸರು ದೊಡ್ಡದಾದಷ್ಟೂ ಫೋಕಸ್ಸಿನ ಆಳ ಕಡಿಮೆ. ಪುಟ್ಟ ಸೆನ್ಸರಿನ ಅಗ್ಗದ ಫೋನು ಎರಡನ್ನೂ ಹೇಗೋ ಸಂಭಾಳಿಸಿಬಿಡುತ್ತದೆ. ಲಕ್ಷ ಕೊಟ್ಟವರು ನೋಟು ಹಿಂದೆ ಮುಂದೆ ಆಡಿಸುತ್ತ ನಿಂತಿರುವಾಗ, ಶಾಲೆಯ ಪ್ರವಾಸಕ್ಕೆ ಬಂದ ಹುಡುಗ ಅಪ್ಪನ ಹಳೆಯ ಫೋನಿನಲ್ಲಿ ಒಂದೇ ಏಟಿಗೆ ಹೊಡೆದು ಓಡುತ್ತಾನೆ.

ಮೆಗಾಪಿಕ್ಸೆಲ್ಲಿನ ಮಾತೂ ಇಷ್ಟೇ. 50 ಎಂದು ಬರೆದಿರುವ ಕ್ಯಾಮೆರಾ ಸಾಮಾನ್ಯವಾಗಿ ನಾಲ್ಕು ಚುಕ್ಕಿ ಸೇರಿಸಿ ಒಂದು ಮಾಡಿ 12 ಕೊಡುತ್ತದೆ. ಅದನ್ನು ವಾಟ್ಸಾಪು ಇನ್ನಷ್ಟು ಹಿಂಡಿ ಕಳಿಸುತ್ತದೆ. ಎಚ್‌ಡಿ ಎಂಬ ಗುಂಡಿ ಬಂದದ್ದು 2023ರಲ್ಲಿ, ಅದನ್ನು ಒತ್ತುವ ವ್ಯವಧಾನ ಯಾರಿಗಿದೆ? ಬೀಗರ ಮನೆ ತಲುಪುವ ಹೊತ್ತಿಗೆ ಎಲ್ಲ ಫೋನಿನ ಎಲ್ಲ ರಥಗಳೂ ಸಮಾನ.

ವಿರೂಪಾಕ್ಷ ದೇವಸ್ಥಾನದ ಹಿಂಭಾಗದಲ್ಲಿ ಒಂದು ಕತ್ತಲೆ ಕೋಣೆಯಿದೆ. ಗೋಡೆಯ ಕಿಂಡಿಯಿಂದ ಬಂದ ಬೆಳಕಿನಲ್ಲಿ ಮುಂದಿನ ಒಂಬತ್ತು ನೆಲೆಯ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಸೂಜಿರಂಧ್ರ ಕ್ಯಾಮೆರಾದ ತತ್ವ, ಮಸೂರವಿಲ್ಲ, ಚಾರ್ಜಿಲ್ಲ, ಅಪ್‌ಡೇಟಿಲ್ಲ. ಅದರೆದುರು ಫೋನುಗಳ ಪಾಡು ನೋಡಬೇಕು. ಕತ್ತಲೆ ಎಂದು ತಿಳಿದು ತಾವಾಗಿ ಫ್ಲ್ಯಾಷ್ ಹೊಡೆಯುತ್ತವೆ, ನೆರಳು ಮಾಯ! ಗೈಡು “ಫ್ಲ್ಯಾಷ್ ಆಫ್, ಫ್ಲ್ಯಾಷ್ ಆಫ್” ಎಂದು ದಿನವಿಡೀ ಜಪ ಮಾಡುತ್ತಾನೆ. ಇನ್ನು ಕೆಲವು ಫೋನಿನ ನೈಟ್ ಮೋಡು ಎಷ್ಟು ಚುರುಕೆಂದರೆ ಕತ್ತಲನ್ನೆಲ್ಲ ಬೆಳಗಿಸಿ ನೆರಳನ್ನು ಗೋಡೆಯ ಕಲೆಯಂತೆ ತೇಲಿಸುತ್ತದೆ. ನನ್ನ ಮಟ್ಟಿಗೆ ಈ ಕೋಣೆಯಲ್ಲಿ ನೆರಳನ್ನು ನೆರಳಾಗಿ ಬಿಟ್ಟ ಫೋನೇ ಗಟ್ಟಿ.

ಒಂದೇ ಜಾಗದಲ್ಲಿ ನಿಂತು ಎರಡು ಕ್ಯಾಮೆರಾ ತೂಗುವ ಚಟ ಹಂಪಿಗೆ ಹೊಸದಲ್ಲ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರಲ್ಲಿ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಇಲ್ಲಿನ ಗುಡಿಗಳನ್ನು ಹಿಡಿದ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಆ ಚಿತ್ರಗಳನ್ನು ಹಿಡಿದು ಬಂದು, ಗ್ರೀನ್‌ಲಾ ನಿಂತಲ್ಲೇ ನಿಂತು ಮತ್ತೆ ತೆಗೆದ. ಗ್ರೀನ್‌ಲಾನ ಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ, ಈಗ ಅದಿಲ್ಲ. ಈ ಹೋಲಿಕೆಯಲ್ಲಿ ಯಾವ ಕ್ಯಾಮೆರಾ ಗೆದ್ದಿತು ಎಂದು ಯಾರೂ ಕೇಳಲಿಲ್ಲ.

ನಕ್ಷೆಯ ಆ್ಯಪುಗಳಿಗೆ ಹಂಪಿ ಬೇರೆಯೇ ಪಾಠ ಕಲಿಸುತ್ತದೆ. ತಳವಾರಘಟ್ಟದಿಂದ ಆನೆಗೊಂದಿ ಕೂಗಿದರೆ ಕೇಳುವಷ್ಟು ಹತ್ತಿರ, ನಡುವೆ ತುಂಗಭದ್ರಾ ಹೊಳೆ. ಅಲ್ಲಿ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿದುಬಿತ್ತು. ಈಗ ಬುಕ್ಕಸಾಗರ–ಕಡೆಬಾಗಿಲು ಸೇತುವೆ ಸುತ್ತಿ ಹೋಗಬೇಕು. ಆ್ಯಪು ಕಾರಿನ ದಾರಿ ಕೊಡುತ್ತದೆ, ಹರಿಗೋಲಿನವನು ಇವತ್ತು ಹೊಳೆಗೆ ಇಳಿದಿದ್ದಾನೋ ಇಲ್ಲವೋ ಎಂಬುದನ್ನು ಚಹದಂಗಡಿಯವನೇ ಹೇಳಬೇಕು. ಕಂಪ್ಲಿಯಲ್ಲೂ ಹೀಗೇ. ಡ್ಯಾಮಿನಿಂದ ಲಕ್ಷ ಕ್ಯುಸೆಕ್ ದಾಟಿ ನೀರು ಬಿಟ್ಟರೆ ಗಂಗಾವತಿಗೆ ಹೋಗುವ ಸೇತುವೆ ಮುಳುಗುತ್ತದೆ. ಅಂಥ ದಿನ ನಕ್ಷೆ ನಂಬಿ ಬಂದ ಕಾರುಗಳು ದಂಡೆಯಲ್ಲಿ ಸಾಲಾಗಿ ನಿಂತು ನೀರು ನೋಡುತ್ತವೆ.

ನೀರಿನ ಸುದ್ದಿಗೆ ಬಂದರೆ, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಆ ವಾರ ಈ ಭಾಗದಲ್ಲಿ ಯಾರ ಫೋನಿನಲ್ಲೂ ಜಾಗ ಉಳಿಯಲಿಲ್ಲ. ಒಂದೇ ವಿಡಿಯೊ ಊರಿನ ಗುಂಪು, ಜಾತಿಯ ಗುಂಪು, ನೀರು ಬಳಕೆದಾರರ ಗುಂಪು, ಶಾಲೆಯ ಗುಂಪು ಎಲ್ಲದರಿಂದಲೂ ಬಂತು. 64 ಜಿಬಿ ಸಾಕು ಎಂದು ವಾದಿಸುತ್ತಿದ್ದವರೆಲ್ಲ ಕೊಚ್ಚಿಹೋದ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಇಳಿಸುವ ಹೊತ್ತಿಗೆ ತಣ್ಣಗಾಗಿದ್ದರು.

ಕಂಪ್ಲಿಯ ನಮ್ಮ ಸೋದರಮಾವ ಫೋನಿಗೆ ಬಾಯಲ್ಲೇ ಹೇಳಿ ಬರೆಸುತ್ತಾನೆ. ಗೂಗಲ್ಲಿಗೆ ಕನ್ನಡ ಮಾತು ಕೇಳಿ ಬರೆಯಲು 2017ರಲ್ಲಿ ಬಂತು. ಅದಕ್ಕೂ ಮುಂಚೆ, 2012ರ ಆಂಡ್ರಾಯ್ಡ್ 4.1ರ ತನಕ, ಬಹಳಷ್ಟು ಫೋನುಗಳು ಕನ್ನಡದ ಬದಲು ಡಬ್ಬಿ ಡಬ್ಬಿ ತೋರಿಸುತ್ತಿದ್ದವು. ಆಗ ಫೋನು ಹೋಲಿಸುವುದೆಂದರೆ ಅಕ್ಷರ ಬರುತ್ತದೋ ಡಬ್ಬಿ ಬರುತ್ತದೋ ನೋಡುವುದು. ಈಗ ಮಾವನ ತಕರಾರು ಬೇರೆ. ‘ಭತ್ತಕ್ಕ ನೀರು ಬಿಟ್ಟಾರೇನು’ ಎಂದರೆ ಫೋನು ಏನೇನೋ ಬರೆಯುತ್ತದೆ. ಅದಕ್ಕೆ ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು, ಆಕಾಶವಾಣಿಯ ವಾರ್ತೆ ಓದುವವರ ಹಾಗೆ “ಭತ್ತದ ಗದ್ದೆಗೆ ನೀರನ್ನು ಬಿಟ್ಟಿದ್ದಾರೆಯೇ” ಎನ್ನುತ್ತಾನೆ. ಅತ್ತೆ ಒಳಗಿನಿಂದ, “ನನ್ನ ಕೂಡ ಒಂದಿನಾರ ಹಿಂಗ ಮಾತಾಡೀಯೇನು?” ಎನ್ನುತ್ತಾಳೆ.

ಮಾವ ಒಂಬತ್ತು ಸಾವಿರದ ಫೋನಿನವನು. ಪಕ್ಕದ ಹೊಲದ ಗೌಡರ ಮಗ ಇಪ್ಪತ್ತೆರಡು ಸಾವಿರದವನು. ಸರ್ಕಾರದ ದಿಶಾಂಕ್ ಎಂಬ ಆ್ಯಪಿದೆ, ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. 2020ರಿಂದ ಬೆಳೆ ಸಮೀಕ್ಷೆಯನ್ನೂ ರೈತರೇ ಹೊಲದಲ್ಲಿ ನಿಂತು ಆ್ಯಪಿನಲ್ಲಿ ಫೋಟೊ ಹಾಕಿ ಮಾಡಬಹುದು. ಹಾಗೆ ಇಬ್ಬರೂ ಒಂದೇ ಬದುವಿನ ಮೇಲೆ ನಿಂತು ದಿಶಾಂಕ್ ತೆಗೆದರು. ಗೌಡರ ಮಗನ ಫೋನು ಅದು ಅವನ ಸರ್ವೆ ನಂಬರು ಎಂದಿತು, ಮಾವನ ಫೋನು ಮಾವನದು ಎಂದಿತು. ಬಯಲಲ್ಲೂ ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಆಗುವುದು ಸಹಜ, ಬದುವಿನ ಅಗಲ ಎರಡಡಿ. ನಾನು ಇದನ್ನೆಲ್ಲ ಬಿಡಿಸಿ ಹೇಳಿದೆ. ನಿನ್ನ ಹಳೇ ಫೋನು ಬಿಸಾಕು ಮಾವ, ಎರಡು ಫ್ರೀಕ್ವೆನ್ಸಿ ಹಿಡಿಯುವಂಥದ್ದು ತಗೊ, ಇನ್ನಷ್ಟು ಕರಾರುವಾಕ್ಕಾಗಿ ತೋರಿಸುತ್ತದೆ ಎಂದೆ.

ಮಾವ ತನ್ನ ಫೋನನ್ನು ಒರೆಸಿ ಅಂಗಿಯ ಜೇಬಿಗೆ ಹಾಕಿಕೊಂಡ. “ಅವನ ಫೋನು ಇಪ್ಪತ್ತೆರಡು ಸಾವ್ರ ತಗಂಡು ಅವನ ಹೊಲ ಅವನಿಗೆ ತೋರಿಸ್ತೈತಿ. ನಂದು ಒಂಬತ್ತು ಸಾವ್ರಕ್ಕ ಎರಡು ಗುಂಟಿ ಜಾಸ್ತಿ ಕೊಡ್ತೈತಿ. ಇದನ್ಯಾಕ ಬಿಸಾಕಲಿ ನಾನು?”