ಅಪ್ಪನ ಹಸಿವು ಮತ್ತು ನಾನು ಎತ್ತಿಟ್ಟ ಮಾತ್ರೆಗಳು

"ಮಾತ್ರೆ ಎಷ್ಟು ಉಳಿದಿದೆ?" ಅಂತ ಡಾಕ್ಟ್ರು ಕೇಳಿದರು. ನಾನು ಬ್ಯಾಗಿನಿಂದ ಸ್ಟ್ರಿಪ್‌ಗಳನ್ನು ತೆಗೆದು ಟೇಬಲ್ ಮೇಲಿಟ್ಟೆ. ಅವರೇ ಎಣಿಸಿದರು. ಹತ್ತು ದಿನಕ್ಕೆ ಅಂತ ಕೊಟ್ಟಿದ್ದು 60. ಅಷ್ಟೂ ಖಾಲಿಯಾಗಿರಬೇಕಿತ್ತು. 22 ಉಳಿದಿದ್ದವು.

ಪಕ್ಕದಲ್ಲಿ ವೀಲ್‌ಚೇರಿನಲ್ಲಿ ಅಪ್ಪ ಕೂತಿದ್ದರು. ನಾನು ಅವರ ಮುಖ ನೋಡಲಿಲ್ಲ.

ಅಪ್ಪ ಯಲಹಂಕದ ರೈಲ್ ವೀಲ್ ಫ್ಯಾಕ್ಟರಿಯಿಂದ ರಿಟೈರ್ ಆದವರು. ಅವರ ಬಾಯಲ್ಲಿ ಅದು ಕೊನೆವರೆಗೂ 'ವೀಲ್ ಅಂಡ್ ಆ್ಯಕ್ಸಲ್' ಆಗಿಯೇ ಇತ್ತು. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದೆ ಅಂತ ಗೊತ್ತಾದಾಗ ಅವರಿಗೆ 71. ಸೊಂಟದ ನೋವು ಎಷ್ಟಿತ್ತೆಂದರೆ ಮಗ್ಗುಲು ಬದಲಿಸೋಕೂ ಅಮ್ಮನನ್ನು ಎಬ್ಬಿಸಬೇಕಿತ್ತು. ಊಟ ಎರಡು ತುತ್ತಿಗೆ ಇಳಿದಿತ್ತು. ಮಾಮೂಲಿ ನೋವಿನ ಮಾತ್ರೆಗಳು ಕೆಲಸ ಮಾಡದಾದಾಗ ಡಾಕ್ಟ್ರು ಮಾರ್ಫಿನ್ ಬರೆದರು. 10 ಮಿಲಿಗ್ರಾಂ, ನಾಲ್ಕು ಗಂಟೆಗೊಮ್ಮೆ. ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು. ರಾತ್ರಿ ನಿದ್ದೆ ಕೆಡಬಾರದು ಅಂತ ಹತ್ತು ಗಂಟೆಗೆ ಒಟ್ಟಿಗೆ ಎರಡು. ನಮ್ಮ ರಸ್ತೆಯ ಮೆಡಿಕಲ್ ಶಾಪಿನಲ್ಲಿ ಅದು ಸಿಗುವುದಿಲ್ಲ, ಹೆಬ್ಬಾಳದ ಕಡೆಯ ಆಸ್ಪತ್ರೆಯ ಫಾರ್ಮಸಿಯಲ್ಲೇ ರಿಜಿಸ್ಟರಿಗೆ ಸಹಿ ಹಾಕಿ ತರಬೇಕು. ಆ ಸಹಿ ಹಾಕುವಾಗಲೇ ನನಗೆ ಏನೋ ತಪ್ಪು ಮಾಡುತ್ತಿದ್ದೇನೆ ಅನ್ನಿಸಿತ್ತು. ಮಾರ್ಫಿನ್ ಅಂದರೆ ಅಫೀಮು. ಅಫೀಮು ಅಂದರೆ ಚಟ. ನನ್ನ ತಲೆಯಲ್ಲಿ ಇದ್ದಿದ್ದು ಇಷ್ಟೇ.

ಎರಡನೇ ದಿನ ಅಪ್ಪ ವಾಂತಿ ಮಾಡಿಕೊಂಡರು. ಆ ಎರಡು ತುತ್ತೂ ನಿಂತಿತು. ಅಮ್ಮ ಗಂಜಿ ಲೋಟ ಹಿಡಿದು ಅಡುಗೆಮನೆಗೂ ರೂಮಿಗೂ ಓಡಾಡುತ್ತಿದ್ದರೆ, ಈ ಮಾತ್ರೆಯೇ ಹಸಿವನ್ನು ಕೊಲ್ಲುತ್ತಿದೆ ಅಂತ ನಾನು ತೀರ್ಮಾನ ಮಾಡಿದೆ. ಮಧ್ಯಾಹ್ನದ್ದು, ಸಂಜೆಯದು ಎತ್ತಿಟ್ಟು ಅಮ್ಮನ ಕೈಗೆ ಉಳಿದಿದ್ದು ಮಾತ್ರ ಕೊಟ್ಟು ಆಫೀಸಿಗೆ ಹೋಗುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಅಪ್ಪ ಊಟ ಮಾಡಲಿಲ್ಲ. ಸಂಜೆ ಹೊತ್ತು ಹಲ್ಲು ಕಚ್ಚಿಕೊಂಡು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ನಾನು ಅಷ್ಟೊತ್ತಿಗೆ ಮಾನ್ಯತಾ ಟೆಕ್ ಪಾರ್ಕಿನಿಂದ ಹೊರಟು ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡಿರುತ್ತಿದ್ದೆ.

ಡಾಕ್ಟ್ರು ಬೈಯಲಿಲ್ಲ. ಬೈದಿದ್ದರೆ ಒಳ್ಳೇದಿತ್ತು. "ಹೊಟ್ಟೆ ತೊಳಸೋದು ಶುರುವಿನ ಕೆಲವು ದಿನ ಮಾತ್ರ ಮೇಡಂ, ಅದಕ್ಕೂ ಮಾತ್ರೆ ಬರೆದಿದ್ದೆ" ಅಂದರು. ಚೀಟಿ ನೋಡಿದರೆ ನಿಜ, ಬರೆದಿದ್ದರು. ಆಮೇಲೆ ಅಪ್ಪನ ಕಡೆ ತಿರುಗಿ, "ಊಟ ಯಾಕೆ ಸೇರ್ತಿಲ್ಲ ಸರ್?" ಅಂತ ಕೇಳಿದರು. ಹತ್ತು ದಿನದಲ್ಲಿ ಆ ಪ್ರಶ್ನೆಯನ್ನು ಅಪ್ಪನಿಗೇ ಕೇಳಿದ್ದು ಅವರೊಬ್ಬರೇ.

"ಹಸಿವಿಲ್ಲ ಅಂತಲ್ಲ ಡಾಕ್ಟ್ರೇ. ಎದ್ದು ಕೂರಬೇಕಲ್ಲ, ಅದನ್ನ ನೆನೆಸಿಕೊಂಡ್ರೇನೇ ಊಟ ಬೇಡ ಅನ್ನಿಸತ್ತೆ" ಅಂದರು ಅಪ್ಪ.

ಮನೆಗೆ ಬಂದ ಮೇಲೆ ಗಂಟೆಗೆ ಸರಿಯಾಗಿ ಮಾತ್ರೆ ಕೊಟ್ಟೆ, ಫೋನಿನಲ್ಲಿ ಅಲಾರಂ ಇಟ್ಟುಕೊಂಡು. ರಾತ್ರಿ ಅಪ್ಪನ ಮಂಚದ ಪಕ್ಕ ಕೂತು ಓದತೊಡಗಿದೆ. ಮೊದಲೇ ಓದಬೇಕಿತ್ತು ಬಿಡಿ.

ನಮ್ಮ ಮಿದುಳಿನಲ್ಲಿ ಅಫೀಮಿಗೆ ಸರಿಹೊಂದುವ ಬೀಗಗಳಿವೆ ಅಂತ ವಿಜ್ಞಾನಿಗಳು ತೋರಿಸಿದ್ದು 1973ರಲ್ಲಿ. ಗಸಗಸೆ ಗಿಡದ ಹಾಲಿಗೆ ನಮ್ಮ ತಲೆಯಲ್ಲಿ ಬೀಗ ಯಾಕಿರಬೇಕು? ನಮ್ಮ ದೇಹವೇ ಅಂಥ ಕೀಲಿ ತಯಾರಿಸುತ್ತದೆ ಅನ್ನೋದು 1975ರಲ್ಲಿ ಗೊತ್ತಾಯಿತು. ಎಂಡಾರ್ಫಿನ್ ಅಂತ ನಾವು ಜಿಮ್‌ನಲ್ಲಿ ಕೇಳುವ ಹೆಸರು ಆ ಕೀಲಿಗಳ ಗುಂಪಿನದೇ. ಈ ಬೀಗಗಳು ಬೆನ್ನುಹುರಿಯಲ್ಲಿವೆ; ಅಲ್ಲಿ ನೋವಿನ ಸಂದೇಶ ಮೇಲಕ್ಕೆ ಹೋಗುವುದನ್ನೇ ತಗ್ಗಿಸುತ್ತವೆ. ಮಿದುಳಿನ ಕಾಂಡದ ಹತ್ತಿರವೂ ಇವೆ. ಅಲ್ಲಿಂದ 'ಸಾಕು, ನಿಲ್ಲಿಸು' ಅಂತ ಕೆಳಕ್ಕೆ ಆಜ್ಞೆ ಹೋಗುತ್ತದೆ. ಉಸಿರಾಟ ನಡೆಸುವ ಜಾಗದಲ್ಲೂ ಇವೆ. ಅದಕ್ಕೇ ಅಳತೆ ಮೀರಿದರೆ ಅಪಾಯ, ಅದಕ್ಕೇ ಡಾಕ್ಟ್ರು ಸ್ವಲ್ಪ ಸ್ವಲ್ಪವೇ ಏರಿಸೋದು. ಕರುಳಿನಲ್ಲೂ ಇವೆ, ಅದಕ್ಕೇ ಮಲಬದ್ಧತೆ. ಮಾರ್ಫಿನ್ ಜೊತೆ ಮಲ ಸಡಿಲಿಸುವ ಔಷಧಿಯನ್ನು ದಿನಾ ಕೊಡಬೇಕು ಅನ್ನೋದನ್ನು ನಮ್ಮ ಮನೆಯಲ್ಲಿ ಮೂರನೇ ವಾರ ಕಷ್ಟಪಟ್ಟು ಕಲಿತೆವು. ವಿವರ ಬೇಡ.

ಚಟದ ಮಾತು ಪೂರ್ತಿ ಸುಳ್ಳೇನೂ ಅಲ್ಲ. ಅಮೆರಿಕದಲ್ಲಿ 1990ರ ದಶಕದ ಕೊನೆಯಿಂದ ಇಂಥ ಮಾತ್ರೆಗಳನ್ನು ಸಡಿಲವಾಗಿ ಬರೆದುಕೊಟ್ಟು ಎಷ್ಟೋ ಮನೆ ಹಾಳಾಗಿದ್ದು ನಿಜ. ನಮ್ಮಲ್ಲಿ ಆಗಿದ್ದು ತಿರುಗಾಮುರುಗಾ. 1985ರ ಮಾದಕ ವಸ್ತು ಕಾಯ್ದೆ ಎಷ್ಟು ಬಿಗಿಯಾಗಿತ್ತೆಂದರೆ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳೋಕೇ ಹೆದರಿದವು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಲೈಸೆನ್ಸಿನಲ್ಲೇ ಅಫೀಮು ಬೆಳೆದು ಹೊರದೇಶಕ್ಕೆ ಕಳಿಸುವ ನಮ್ಮ ದೇಶದಲ್ಲಿ ಕ್ಯಾನ್ಸರ್ ರೋಗಿಗೆ ಅದು ಸಿಗುತ್ತಿರಲಿಲ್ಲ. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥವರು ವರ್ಷಗಟ್ಟಲೆ ಹೋರಾಡಿದ ಮೇಲೆ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಅಷ್ಟು ಜನ ಬಾಗಿಲು ತೆಗೆಸಿದ ಮಾತ್ರೆಯನ್ನು ನಾನು ಬೀರುವಿನ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಿದ್ದೆ.

ಇದೇ ಹೊತ್ತಿಗೆ ಯಾದಗಿರಿಯಲ್ಲಿ ಕೆಲಸದಲ್ಲಿರುವ ಚಿಕ್ಕಮ್ಮನ ಮಗ ಫೋನ್ ಮಾಡಿದ. "ಅಕ್ಕಾ, ಈ ಇಂಗ್ಲಿಷ್ ಔಷಧಿ ಬಿಡು. ಗಾಂಜಾ ಎಣ್ಣೆ ಅಂತ ಸಿಗತ್ತೆ, ನಾಲಿಗೆ ಕೆಳಗೆ ಎರಡು ಹನಿ. ನೋವೂ ಹೋಗತ್ತೆ, ದೊಡ್ಡಪ್ಪ ಚೆನ್ನಾಗಿ ಊಟಾನೂ ಮಾಡ್ತಾರೆ. ಇಲ್ಲಿ ತಿಂಥಣಿ ಮೌನೇಶ್ವರನ ಜಾತ್ರೇಲಿ ಪ್ರಸಾದ ಅಂತಾನೇ ಕೊಡ್ತಾರೆ, ಯಾರಿಗೇನಾಗಿದೆ?" ಅಂದ. ನಗಬೇಡಿ, ಒಂದು ರಾತ್ರಿಯೆಲ್ಲ ನಾನು ಅದನ್ನೇ ಯೋಚಿಸಿದೆ. ಊಟ ಅನ್ನುವ ಪದ ಕೇಳಿದರೆ ಸಾಕಿತ್ತು ಆಗ.

ಹಸಿವಿನ ಮಾತಿನಲ್ಲಿ ಅವನದು ಪೂರ್ತಿ ಗಾಳಿಮಾತಲ್ಲ. ಗಾಂಜಾಕ್ಕೂ ಮಿದುಳಿನಲ್ಲಿ ಬೀಗಗಳಿವೆ, ಅದಕ್ಕೆ ದೇಹದ್ದೇ ಕೀಲಿಯೂ ಇದೆ. 1992ರಲ್ಲಿ ಜೆರುಸಲೇಮಿನಲ್ಲಿ ಅದನ್ನು ಕಂಡುಹಿಡಿದವರು ಇಟ್ಟ ಹೆಸರು ಆನಂದಮೈಡ್, ಸಂಸ್ಕೃತದ 'ಆನಂದ'ದಿಂದ. ಹಸಿವು, ಬಾಯಾರಿಕೆ ನೋಡಿಕೊಳ್ಳುವ ಹೈಪೋಥಲಾಮಸ್‌ನಲ್ಲಿ 'ಹೊಟ್ಟೆ ತುಂಬಿತು, ಸಾಕು' ಅಂತ ಹೇಳುವ ನರಕೋಶಗಳಿವೆ. ಗಾಂಜಾದ ಅಂಶ ತಗುಲಿದರೆ ಇವೇ ಕೋಶಗಳು ಪಕ್ಷ ಬದಲಿಸಿ, ತಿನ್ನು ತಿನ್ನು ಅನ್ನುತ್ತವೆ ಅಂತ 2015ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಇಲಿಗಳಲ್ಲಿ ತೋರಿಸಿದರು. ಹೇಗೆ ಗೊತ್ತಾ? 'ಸಾಕು' ಅನ್ನುವ ರಾಸಾಯನಿಕದ ಬದಲು ಆ ಕೋಶಗಳು ಎಂಡಾರ್ಫಿನ್ ಬಿಡುತ್ತವೆ. ಅಫೀಮಿನ ಬೀಗ ಮುಚ್ಚಿದರೆ ಗಾಂಜಾದ ಹಸಿವೂ ಇಳಿಯುತ್ತದೆ. ಒಂದು ಗಿಡದ ದಾರಿ ಇನ್ನೊಂದು ಗಿಡದ ಮನೆಯೊಳಗಿಂದ ಹೋಗುತ್ತದೆ ಅಂತಾಯಿತು. 2018ರಲ್ಲಿ ಪೆನ್ಸಿಲ್ವೇನಿಯಾದವರು ಇನ್ನೊಂದು ನೋಡಿದರು: ಒಂದು ದಿನ ಉಪವಾಸವಿದ್ದ ಇಲಿಗೆ ಊತದ ಬಹುಕಾಲದ ನೋವು ಕಮ್ಮಿಯಾಗುತ್ತದೆ, ಆದರೆ ಥಟ್ಟನೆ ಸುಟ್ಟರೆ ಆಗುವ ನೋವು ಹಾಗೇ ಇರುತ್ತದೆ. ಹಸಿದ ಪ್ರಾಣಿ ಆಹಾರ ಹುಡುಕೋಕೆ ಹೋಗಲೇಬೇಕಲ್ಲ, ಕುಂಟಿಕೊಂಡಾದರೂ.

ಹಸಿವು ಬೇರೆ, ನೋವು ಬೇರೆ ಅಂತ ಎರಡು ಡಬ್ಬಿ ಮಾಡಿಕೊಂಡು, ಒಂದನ್ನು ಉಳಿಸೋಕೆ ಇನ್ನೊಂದನ್ನು ಸಹಿಸಲಿ ಅಂದುಕೊಂಡಿದ್ದೆ ನಾನು. ಅಪ್ಪನ ತಲೆಯೊಳಗೆ ಅಂಥ ಗೋಡೆ ಇರಲಿಲ್ಲ.

ಎಣ್ಣೆಯ ವಿಷಯ ಡಾಕ್ಟ್ರ ಹತ್ತಿರ ನೇರವಾಗಿ ಕೇಳಿದೆ. ಮತ್ತೆ ಕದ್ದುಮುಚ್ಚಿ ಏನೂ ಮಾಡಬಾರದು ಅಂತ ಆಣೆ ಇಟ್ಟುಕೊಂಡಿದ್ದೆ. ಅವರು ಗಾಂಜಾದ ಅಂಶದಿಂದ ಮಾಡಿದ ಮಾತ್ರೆಗೆ ಅಮೆರಿಕದಲ್ಲಿ 1985ರಲ್ಲೇ, ಕೀಮೋ ವಾಂತಿಗೆ, ಅನುಮತಿ ಸಿಕ್ಕಿದೆ ಅಂದರು. ಆದರೆ ಕ್ಯಾನ್ಸರ್ ರೋಗಿಗಳ ಹಸಿವಿಗೆ ಅದನ್ನೂ ಇನ್ನೊಂದು ಹಾರ್ಮೋನ್ ಔಷಧಿಯನ್ನೂ ಹೋಲಿಸಿ 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹಾರ್ಮೋನ್ ತೆಗೆದುಕೊಂಡವರಲ್ಲಿ ಶೇ 75 ಜನ ಹಸಿವು ಹೆಚ್ಚಿತು ಅಂದರೆ, ಗಾಂಜಾದ ಮಾತ್ರೆಯವರಲ್ಲಿ ಶೇ 49. "ಇಲಿ ತಿಂತು ಅಂತ ನಿಮ್ಮ ತಂದೆ ತಿಂತಾರೆ ಅಂತೇನಿಲ್ಲ. ಆ ಬಾಟಲೀಲಿ ಏನು ಎಷ್ಟಿದೆ ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ವಯಸ್ಸಾದವರಿಗೆ ತಲೆ ಸುತ್ತಿ ಬಿದ್ದರೆ ಸೊಂಟದ ಮೂಳೆ ಉಳಿಯಲ್ಲ" ಅಂದರು. ಕಾನೂನಿನ ತೊಡಕು ಬೇರೆ. ಹಸಿವಿಗೆ ಕೆಲವು ವಾರ ಸ್ಟೀರಾಯ್ಡ್ ಮಾತ್ರೆ ಬರೆದರು. ತಮ್ಮನಿಗೆ ಬೇಡಪ್ಪ ಅಂದೆ. ಅವನಿಗೆ ಸ್ವಲ್ಪ ಬೇಜಾರಾಯಿತು.

ಅದು ಜನವರಿ. ಅವರೆಕಾಯಿ ಕಾಲ. ಮಾರ್ಫಿನ್ ಸರಿಯಾಗಿ ಶುರುವಾಗಿ ಒಂದು ವಾರವಾಗಿತ್ತು. ಅಮ್ಮ ಹಾಲಿನಲ್ಲಿ ಪೇಪರ್ ಹಾಸಿಕೊಂಡು ನೆನೆಸಿದ ಕಾಳು ಹಿತಕುತ್ತಿದ್ದರು. ಸೊಗಡು ರೂಮಿನವರೆಗೆ ಹೋಗಿರಬೇಕು. ಅಪ್ಪ ಗೋಡೆ ಹಿಡಿದುಕೊಂಡು, ತಾವೇ, ಬಾಗಿಲ ತನಕ ಬಂದು ನಿಂತರು.

"ಹಿತಕಿದ ಬೇಳೆ ಸಾರಾ? ಮುದ್ದೆ ಹಾಕ್ತೀಯಾ?"

ಅಮ್ಮ ಕೈ ಒರೆಸಿಕೊಳ್ಳುವುದನ್ನೂ ಮರೆತು ಎದ್ದರು. ಅರ್ಧ ಮುದ್ದೆ, ಎರಡು ಸಲ ಸಾರು. ಕೂತುಕೊಂಡೇ ತಿಂದರು. "ಉಪ್ಪು ಒಂಚೂರು ಕಮ್ಮಿ" ಅಂದರು. ಅಮ್ಮನಿಗೆ ಆ ಮಾತು ಕೇಳಿ ಎಷ್ಟು ಖುಷಿಯಾಯಿತೆಂದರೆ ನಮ್ಮತ್ತೆಗೆ ಫೋನ್ ಮಾಡಿ ಹೇಳಿದರು.

ಮಾತ್ರೆ ಎತ್ತಿಟ್ಟಿದ್ದನ್ನು ನಾನು ಅವತ್ತು ರಾತ್ರಿ ಅಪ್ಪನಿಗೆ ಹೇಳಿದೆ. "ನಂಗೊತ್ತಿತ್ತು ಕಣಮ್ಮ. ಒಂದೊಂದು ದಿನ ಮಧ್ಯಾಹ್ನ ಕೊಡ್ತಿರಲಿಲ್ಲ ನಿಮ್ಮಮ್ಮ. ಏನೋ ಡಾಕ್ಟ್ರು ಕಮ್ಮಿ ಮಾಡಿರಬೇಕು, ನಾನೇ ತಡ್ಕೋಬೇಕು ಅನ್ಕೊಂಡೆ" ಅಂದರು. ಇದಕ್ಕೆ ಏನು ಹೇಳೋಕಾಗತ್ತೆ.

ಎರಡು ತಿಂಗಳು ಹಾಗೇ ಕಳೆಯಿತು. ಏಪ್ರಿಲ್ ಹೊತ್ತಿಗೆ ಊಟ ಮತ್ತೆ ನಿಂತಿತು. ಈ ಸಲ ನೋವಿರಲಿಲ್ಲ, ಹೊಟ್ಟೆ ತೊಳಸುತ್ತಲೂ ಇರಲಿಲ್ಲ, ಬೇಡ ಅಷ್ಟೇ. ಮನೆಗೆ ಬಂದ ನರ್ಸ್, ಬಲವಂತ ಮಾಡಬೇಡಿ, ದೇಹವೇ ಈಗ ಊಟ ಕೇಳ್ತಿಲ್ಲ, ತುಟಿ ಒದ್ದೆ ಮಾಡ್ತಿರಿ ಸಾಕು ಅಂದರು. ಅಮ್ಮನಿಗೆ ಇದನ್ನು ಒಪ್ಪಿಸೋದು ನನಗೆ ಮಾರ್ಫಿನ್ ಒಪ್ಪಿಸಿದ್ದಕ್ಕಿಂತ ಕಷ್ಟವಾಯಿತು. ದಿನಾ ಒಂದು ಚಿಕ್ಕ ಬಟ್ಟಲಲ್ಲಿ ತಿಳಿಸಾರು ತಂದು ಮಂಚದ ಪಕ್ಕ ಇಡೋರು. ಆರಿದ ಮೇಲೆ ಒಳಗೆ ತಗೊಂಡು ಹೋಗೋರು.

ತಿಥಿ ಮುಗಿದ ವಾರ ಉಳಿದಿದ್ದ ಸ್ಟ್ರಿಪ್ ತೆಗೆದುಕೊಂಡು ಹೋಗಿ ಆಸ್ಪತ್ರೆಯ ಕೌಂಟರಿನಲ್ಲಿ ವಾಪಸ್ ಕೊಟ್ಟೆ. ಮನೆಯಲ್ಲಿ ಇಟ್ಟುಕೊಳ್ಳಬೇಡಿ ಅಂತ ಮೊದಲೇ ಹೇಳಿದ್ದರು. ಕೌಂಟರಿನ ಹುಡುಗ ಎಣಿಸಿ, "ಎಂಟು ಇದೆ ಮೇಡಂ" ಅಂತ ರಿಜಿಸ್ಟರ್ ನನ್ನ ಕಡೆ ತಿರುಗಿಸಿದ. ಮನೆಯಲ್ಲೇ ಮೂರು ಸಲ ಎಣಿಸಿಕೊಂಡು ಹೋಗಿದ್ದೆ. ಸಹಿ ಹಾಕಿದೆ.