ಸಿಂಬೆ ಮತ್ತು ಹೇರ್‌ಪಿನ್

ಅಪ್ಪ ಹೋದ ಮೇಲೆ ತವರಿನಿಂದ ನನ್ನ ಪಾಲಿಗೆ ಬಂದದ್ದು ಎರಡು ಹಿತ್ತಾಳೆ ಕೊಳಗ ಮತ್ತು ಅಪ್ಪನ 1977ರ ಅಂಬಾಸಿಡರ್ ಕಾರು. ಕೊಳಗಕ್ಕೆ ಅಟ್ಟದಲ್ಲಿ ಜಾಗ ಸಿಕ್ಕಿತು. ಕಾರು ಮಾತ್ರ ಕೊಟ್ಟಿಗೆಯಲ್ಲಿ ನಾಲ್ಕು ಮಳೆಗಾಲ ಕಳೆಯಿತು. "ಗುಜರಿಗೆ ಹಾಕು" ಎಂದವರೇ ಹೆಚ್ಚು. ನನಗೆ ಮನಸ್ಸು ಬರಲಿಲ್ಲ. ಶಿವಮೊಗ್ಗದ ಹಳೆಯ ಮೇಸ್ತ್ರಿಯೊಬ್ಬರು ರಿಪೇರಿಗೆ ಒಪ್ಪಿದರು. ಸಣ್ಣಪುಟ್ಟ ಸಾಮಾನು ತರುವ ಕೆಲಸ ನನ್ನದಾಯಿತು.

ಮೊದಲ ದಿನವೇ ಎಡವಿದೆ. ಡೈನಮೋ ಬ್ರಾಕೆಟ್ಟಿನ ತುಕ್ಕು ಹಿಡಿದ ಬೋಲ್ಟನ್ನು ಅಂಗಡಿಯಲ್ಲಿ ತೋರಿಸಿ, ಅದೇ ದಪ್ಪದ ನಾಲ್ಕು ಬೋಲ್ಟು ತಂದೆ. ಹಳೆಯ ನಟ್ಟು ಒಂದೆರಡು ಸುತ್ತು ಸಲೀಸಾಗಿ ಹೋಗಿ ನಿಂತುಬಿಟ್ಟಿತು. "ಇನ್ನೊಂಚೂರು ಬಲ ಹಾಕಿ" ಎಂದೆ. ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟರು.

"ಅಕ್ಕಾ, ಒಂದು ಡಬ್ಬಿಯ ಮುಚ್ಚಳ ಇನ್ನೊಂದು ಡಬ್ಬಿಗೆ ಕೂರುತ್ತಾ? ಒತ್ತಿ ತಿರುಗಿಸಿದ್ರೆ ಎರಡೂ ಹಾಳು."

ಆಗ ತಿಳಿಯಿತು. ನಮ್ಮ ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಗಳು. ಅದರ ಬೋಲ್ಟುಗಳದು ಇಂಚಿನ ಲೆಕ್ಕ. 5/16 ಇಂಚೆಂದರೆ 7.94 ಮಿಲಿಮೀಟರ್. ನಾನು ತಂದದ್ದು 8 ಮಿಲಿಮೀಟರಿನದು. ಕಣ್ಣಿಗೆ ಅವಳಿಜವಳಿ. ಆದರೆ ಅದರಲ್ಲಿ ಇಂಚಿಗೆ 24 ಥ್ರೆಡ್, ಇದರಲ್ಲಿ ಸುಮಾರು 20. ಬಲವಂತವಾಗಿ ಕೂರಿಸಿದರೆ ಬಿಗಿಯಾದಂತೆ ತೋರುತ್ತದೆ. ಒಳಗೆ ಥ್ರೆಡ್ ಸವೆದು, ದಾರಿಯಲ್ಲಿ ಕೈಕೊಡುತ್ತದೆ.

ವಾಷರಿನ ಪಾಠ ನನಗೆ ಬೇಗ ಹತ್ತಿತು. ಚಪ್ಪಟೆ ವಾಷರ್ ಎಂದರೆ ಕೊಡದ ಕೆಳಗಿನ ಸಿಂಬೆಯೇ. ಭಾರ ಒಂದೇ ಕಡೆ ಒತ್ತದಂತೆ ಹರಡುತ್ತದೆ, ತಗಡಿಗೆ ಗಾಯವಾಗದಂತೆ ಕಾಯುತ್ತದೆ. ಸೀಳಿದ ಬಳೆಯಂಥ ಸ್ಪ್ರಿಂಗ್ ವಾಷರ್ ನಟ್ಟನ್ನು ಸಡಿಲವಾಗಲು ಬಿಡುವುದಿಲ್ಲವೆಂದು ನಾನು ನಂಬಿದ್ದೆ. ಮೇಸ್ತ್ರಿ ನಕ್ಕರು. ಒಂದೇ ಸಮನೆ ಅದುರುವ ಕಡೆ ಅದೊಂದನ್ನೇ ನೆಚ್ಚಬಾರದಂತೆ. ಅಂಥಲ್ಲಿ ಒಳಗೆ ನೈಲಾನ್ ಉಂಗುರವಿರುವ ನಟ್ಟು ಒಳ್ಳೆಯದು. ಆದರೆ ಬಿಸಿಗೆ ನೈಲಾನ್ ಮೆತ್ತಗಾಗುತ್ತದೆ, ಆದ್ದರಿಂದ ಎಂಜಿನ್ನಿನ ಹೊಗೆಕೊಳವೆಯ ಹತ್ತಿರ ಅದು ಕೂಡದು. ಒಮ್ಮೆ ಬಿಚ್ಚಿದರೆ ಹೊಸದನ್ನೇ ಹಾಕಬೇಕು.

ಜೀವದ ಪ್ರಶ್ನೆ ಇರುವ ಸ್ಟೀರಿಂಗಿನ ಕೀಲುಗಳಿಗೆ ಇನ್ನೂ ಭದ್ರವಾದ ಏರ್ಪಾಡು. ಅಲ್ಲಿನ ನಟ್ಟಿಗೆ ಕೋಟೆಯ ತೆನೆಯ ಹಾಗೆ ಕಚ್ಚುಗಳಿರುತ್ತವೆ. ಬೋಲ್ಟಿನ ತೂತಿನ ಮೂಲಕ ಹೇರ್‌ಪಿನ್ನಿನಂಥ ಸ್ಪ್ಲಿಟ್ ಪಿನ್ ತೂರಿಸಿ, ಅದರ ಕಾಲುಗಳನ್ನು ಮಡಚಬೇಕು. ಆಮೇಲೆ ನಟ್ಟು ತಿರುಗುವ ಮಾತೇ ಇಲ್ಲ.

ಮೇಸ್ತ್ರಿ ಕಾರಿನಡಿ ತೂರಿ, ಬಹಳ ಹೊತ್ತು ಮಾತಾಡಲಿಲ್ಲ. ಹೊರಬಂದು ಅಂಗೈ ತೆರೆದರು. ತುಕ್ಕು ಹಿಡಿದ ಒಂದು ತುಂಡು ಕಟ್ಟುತಂತಿ. ಬಲಚಕ್ರದ ಕೀಲಿನಲ್ಲಿ ಸ್ಪ್ಲಿಟ್ ಪಿನ್ ಇರಲೇ ಇಲ್ಲ. ಅದರ ಜಾಗದಲ್ಲಿ ಈ ತಂತಿ. ಕೈ ಹಾಕಿದೊಡನೆ ಮುರಿಯಿತಂತೆ.

ತಂತಿ ಸುತ್ತಿದ ರೀತಿ ನನಗೆ ಗೊತ್ತಿತ್ತು. ಮೂರು ಸುತ್ತು, ತುದಿ ಒಳಕ್ಕೆ ಮಡಚಿ. ಮಲ್ಲಿಗೆ ಚಪ್ಪರಕ್ಕೂ, ಬಚ್ಚಲ ಹಂಡೆಯ ಹಿಡಿಕೆಗೂ ಅಪ್ಪ ಹಾಗೇ ಕಟ್ಟುತ್ತಿದ್ದರು. ಕೊನೆಯ ಬೇಸಿಗೆಯಲ್ಲಿ ನನ್ನನ್ನೂ ಮಕ್ಕಳನ್ನೂ ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದದ್ದು ಇದೇ ಕಾರಿನಲ್ಲಿ. ಒಂದೊಂದು ತಿರುವಿನಲ್ಲೂ ಮಕ್ಕಳು "ಅಜ್ಜಾ, ಇನ್ನೂ ಜೋರು" ಎನ್ನುತ್ತಿದ್ದರು.

ಸಿಟ್ಟು ಬಂತು. ಹತ್ತು ಪೈಸೆಗೂ ಲೆಕ್ಕ ಬರೆಯುತ್ತಿದ್ದ ಮನುಷ್ಯ, ಇಷ್ಟು ಅಗ್ಗದ ಪಿನ್ ತರಲಿಲ್ಲವೇ? ಆಮೇಲೆ ನೆನಪಾಯಿತು: ಆ ವರ್ಷ ಅಪ್ಪನಿಗೆ ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ. ಕಣ್ಣು ಕಾಣುತ್ತಿಲ್ಲವೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹೊಸ ಪಿನ್ ನಾನೇ ತಂದೆ. ಕಾಲು ಮಡಚುವಾಗ ಟಾರ್ಚ್ ಹಿಡಿದೆ. ಚಕ್ರದ ನಟ್ಟುಗಳನ್ನು ಒಂದಾದ ಮೇಲೆ ಅದರೆದುರಿನದು ಎಂಬಂತೆ ಬಿಗಿ ಮಾಡುವುದನ್ನೂ ಕಲಿತೆ. ಐವತ್ತು ಕಿಲೋಮೀಟರ್ ಓಡಿಸಿ ಮತ್ತೆ ನೋಡಬೇಕೆಂದರು ಮೇಸ್ತ್ರಿ; ನೋಡಿದೆ.

ಅಪ್ಪನ ಹಾರ್ಲಿಕ್ಸ್ ಬಾಟಲಿಯ ತುಂಬ ಬೆರಕೆ ಬೋಲ್ಟುಗಳಿದ್ದವು. ಅಕ್ಕಿ ಆರಿಸುವ ಮೊರದಲ್ಲಿ ಸುರಿದು, ಇಂಚಿನವು ಒಂದು ಬಾಟಲಿಗೆ, ಮಿಲಿಮೀಟರಿನವು ಇನ್ನೊಂದಕ್ಕೆ ಹಾಕಿದೆ. ತಂತಿಯ ತುಂಡನ್ನು ಎರಡಕ್ಕೂ ಹಾಕಲಿಲ್ಲ. ಅದು ನನ್ನ ಹೊಲಿಗೆ ಡಬ್ಬಿಯಲ್ಲಿದೆ.