ತಪ್ಪು ಯಾರದು?

ರಸ್ತೆಯಲ್ಲಿ ಅಪಘಾತವಾದಾಗ ಜನ ಸೇರುವುದನ್ನು ನೀವು ನೋಡಿರಬಹುದು. ಗಾಯಾಳುವನ್ನು ಎತ್ತುವ ಮೊದಲೇ ಅಲ್ಲಿ ತೀರ್ಪು ಹೊರಬಿದ್ದಿರುತ್ತದೆ. ದೊಡ್ಡ ವಾಹನದವನದ್ದೇ ತಪ್ಪು ಎನ್ನುವವರು ಕೆಲವರು. ಈಗಿನ ಹುಡುಗರು ಬೈಕ್ ಓಡಿಸುವುದೇ ಹಾಗೆ ಎನ್ನುವವರು ಇನ್ನು ಕೆಲವರು. ಕಾರು ಓಡಿಸಿದವಳು ಹೆಣ್ಣಾಗಿದ್ದರಂತೂ ವಿಚಾರಣೆಯೇ ಬೇಡ!

ಆದರೆ ವಾಹನದ ಗಾತ್ರ ನೋಡಿ ತಪ್ಪನ್ನು ನಿರ್ಧರಿಸಲಾಗದು. ಆ ಕ್ಷಣದಲ್ಲಿ ಎಚ್ಚರ ತಪ್ಪಿದವರು ಯಾರು ಎಂಬುದೇ ಮುಖ್ಯ. ಪೊಲೀಸರು ಸ್ಥಳ ಮಹಜರು ಮಾಡಿ ನಕ್ಷೆ ಬರೆಯುತ್ತಾರೆ. ಮೋಟಾರು ವಾಹನ ನಿರೀಕ್ಷಕರು ವಾಹನ ಎಲ್ಲಿ ಜಖಂ ಆಗಿದೆ, ಬ್ರೇಕ್ ಸರಿ ಇತ್ತೇ ಎಂದು ಪರೀಕ್ಷಿಸುತ್ತಾರೆ. ಇದರ ಜೊತೆಗೆ ಕಣ್ಣಾರೆ ಕಂಡವರ ಮಾತೂ ಬೇಕು. ಎರಡೂ ಕಡೆ ತಪ್ಪಿದ್ದರೆ, ಗಾಯಾಳುವಿನ ಪಾಲಿನ ತಪ್ಪಿನಷ್ಟು ಪರಿಹಾರವನ್ನು ನ್ಯಾಯಮಂಡಳಿ ಕಡಿತ ಮಾಡುತ್ತದೆ.

ಕೆಲವು ವರ್ಷಗಳ ಹಿಂದೆ ನಾನೇ ಅಂಥ ಸಾಕ್ಷಿಯಾಗಬೇಕಾಯಿತು. ಕಾರು ಓಡಿಸುತ್ತಿದ್ದವನು ನನ್ನ ಅಣ್ಣ. ನಾನು ಪಕ್ಕದಲ್ಲಿ ಕುಳಿತಿದ್ದೆ. ಇಂಡಿಕೇಟರ್ ಹಾಕದೆ ಅಣ್ಣ ಒಮ್ಮೆಲೇ ಬಲಕ್ಕೆ ತಿರುಗಿಸಿದ. ಎದುರಿನಿಂದ ನೇರವಾಗಿ ಬರುತ್ತಿದ್ದ ಸ್ಕೂಟರ್ ಕಾರಿಗೆ ಡಿಕ್ಕಿಯಾಗಿ ಹುಡುಗನ ಕಾಲು ಮುರಿಯಿತು. ಬಲಕ್ಕೆ ತಿರುಗುವವರು ಎದುರಿನಿಂದ ಬರುವವರಿಗೆ ದಾರಿ ಬಿಡಬೇಕು ಎಂಬುದು ನಿಯಮ.

ಹುಡುಗನಲ್ಲಿ ಲೈಸೆನ್ಸ್ ಇರಲಿಲ್ಲ. ನಮ್ಮ ಮನೆಯವರಿಗೆ ಅಷ್ಟೇ ಸಾಕಾಯಿತು. "ಅವನು ವೇಗವಾಗಿ ಬಂದ ಎಂದು ಹೇಳಿಬಿಡು. ಒಡಹುಟ್ಟಿದ ಅಣ್ಣನ ವಿರುದ್ಧ ಯಾರಾದರೂ ಮಾತನಾಡುತ್ತಾರೆಯೇ?" ಎಂದರು ಉಮ್ಮ.

ನನ್ನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ? "ಲೈಸೆನ್ಸ್ ಇಲ್ಲದ್ದು ಅವನ ತಪ್ಪೇ, ಅದಕ್ಕೆ ಬೇರೆ ದಂಡವಿದೆ. ಆದರೆ ಕಾಲು ಮುರಿದದ್ದು ಅದರಿಂದಲ್ಲವಲ್ಲ ಉಮ್ಮ" ಎಂದೆ. ಲೈಸೆನ್ಸ್ ಇಲ್ಲವೆಂಬ ಒಂದೇ ಕಾರಣಕ್ಕೆ ಗಾಯಾಳುವನ್ನು ಅಪಘಾತಕ್ಕೆ ಹೊಣೆ ಮಾಡಲಾಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಬೈಕಿನಲ್ಲಿ ಮೂವರಿದ್ದ ಪ್ರಕರಣದಲ್ಲೂ 2020ರಲ್ಲಿ ಇದೇ ಮಾತು ಬಂತು: ಅಪಘಾತಕ್ಕೋ ಹಾನಿಗೋ ಅದು ಕಾರಣವಾಯಿತು ಎಂದು ತೋರಿಸಬೇಕು.

ಪೊಲೀಸರ ಮುಂದೆ ಕಂಡದ್ದನ್ನೇ ಹೇಳಿದೆ. ಅಣ್ಣ ಕೆಲವು ತಿಂಗಳು ನನ್ನೊಡನೆ ಮಾತು ಬಿಟ್ಟ. ಕಾರಿನ ವಿಮೆ ಚಾಲ್ತಿಯಲ್ಲಿದ್ದುದರಿಂದ ಪರಿಹಾರವನ್ನು ವಿಮಾ ಕಂಪೆನಿಯೇ ಕೊಟ್ಟಿತು. ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿರುವುದೇ ಇದಕ್ಕಾಗಿ. ಆ ಹುಡುಗನ ತಾಯಿ ಬೀಡಿ ಕಟ್ಟಿ ಸಂಸಾರ ಸಾಗಿಸುವವರು. ನಾನು ಸುಳ್ಳು ಹೇಳಿದ್ದರೆ ಆಸ್ಪತ್ರೆಯ ಸಾಲ ಅವರ ತಲೆಯ ಮೇಲೆ ಉಳಿಯುತ್ತಿತ್ತು.

ಸಹೋದರಿಯರೇ, ಅಪಘಾತ ಕಂಡರೆ ಮೊದಲು ಗಾಯಾಳುವಿಗೆ ನೆರವಾಗಿ. ನೆರವಾದವರು ಸಾಕ್ಷಿ ಹೇಳಲೇಬೇಕೆಂದು ಪೊಲೀಸರು ಬಲವಂತ ಮಾಡುವಂತಿಲ್ಲ. ವಾಹನಗಳನ್ನು ಸರಿಸುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಕಂಡವರ ಫೋನ್ ನಂಬರ್ ಪಡೆಯಿರಿ. ನಿಮ್ಮವರಿಗೇ ಗಾಯವಾಗಿದ್ದರೆ ರಸ್ತೆ ಬದಿಯಲ್ಲೇ ನಾಲ್ಕು ಕಾಸಿಗೆ ರಾಜಿಯಾಗಬೇಡಿ; ಓದದೆ ಸಹಿ ಹಾಕಬೇಡಿ. ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಸಲ್ಲಿಸಿ.

ಯಾರೂ ಬಲವಂತ ಮಾಡದಿದ್ದರೂ ಕಂಡದ್ದನ್ನು ಹೇಳುವ ಧೈರ್ಯ ನಮ್ಮಲ್ಲಿರಲಿ. ಪ್ರಜ್ಞೆ ತಪ್ಪಿ ಬಿದ್ದವನ ಪರವಾಗಿ ಮಾತನಾಡಲು ಅಲ್ಲಿ ಬೇರೆ ಯಾರಿರುತ್ತಾರೆ?